ಈ ವಯಸ್ಸಿನಲ್ಲಿ ಕಲಿಯುವುದು

ಐವತ್ತು ದಾಟಿದವರ ಮುಂದೆ ಹೊಸದೇನನ್ನಾದರೂ ಕಲಿಯುವ ಮಾತೆತ್ತಿದರೆ ಬರುವ ಉತ್ತರ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಈ ವಯಸ್ಸಿನಲ್ಲಿ ಇನ್ನೇನು ತಲೆಗೆ ಹತ್ತುತ್ತದೆ, ಬಿಡಿ.’ ನಿಮ್ಮಲ್ಲಿ ಹಲವರು ಈ ಮಾತನ್ನು ಆಡಿರಬಹುದು. ಆಡದಿದ್ದವರು ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ಇದನ್ನು ವಿನಯದ ಮಾತೆಂದು ತಿಳಿದು ನಾವು ಸುಮ್ಮನಾಗುತ್ತೇವೆ. ಇಂದು ಹಾಗೆ ಸುಮ್ಮನಾಗದೆ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ಈ ಒಂದು ವಾಕ್ಯದೊಳಗೆ ಎರಡು ಭಯಗಳಿವೆ. ಒಂದು, ನೆನಪು ಕೈಕೊಡುತ್ತದೆ ಎಂಬ ಭಯ. ಅದನ್ನು ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಂದು, ಇಷ್ಟು ವರ್ಷ ತಿಳಿದವರೆಂದು ಕರೆಸಿಕೊಂಡು ಈಗ ನಾಲ್ಕು ಜನರೆದುರು ತಡವರಿಸಬೇಕಲ್ಲ ಎಂಬ ಭಯ. ಅದನ್ನು ಯಾರೂ ಹೇಳುವುದಿಲ್ಲ. ಮೊದಲನೆಯ ಭಯಕ್ಕೆ ಆಧಾರವಿದೆ, ಆದರೆ ನಾವು ಅಂದುಕೊಂಡಷ್ಟು ಇಲ್ಲ. ಜನರನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಎರಡನೆಯ ಭಯ ಎಂಬುದು ನನ್ನ ತಿಳಿವಳಿಕೆ, ಮತ್ತು ಇಂದಿನ ಮಾತಿನ ಬಹುಭಾಗ ಅದರ ಸುತ್ತಲೇ ಇರುತ್ತದೆ.

ನೆನಪಿನ ವಿಚಾರವನ್ನು ಮೊದಲು ಮುಗಿಸಿಕೊಳ್ಳೋಣ. ವಯಸ್ಸಾದಂತೆ ಮಿದುಳಿನ ಎಲ್ಲ ಶಕ್ತಿಗಳೂ ಒಟ್ಟಾಗಿ ಇಳಿಮುಖವಾಗುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಲಾರಾ ಜರ್ಮೈನ್ ಎಂಬ ಇಬ್ಬರು ಸಂಶೋಧಕರು ಸುಮಾರು 48,000 ಜನರ ಪರೀಕ್ಷೆಗಳನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಚಿತ್ರ ಇದಕ್ಕಿಂತ ಬಹಳ ಬೇರೆಯಾಗಿದೆ. ಕಣ್ಣಿಗೆ ಬಿದ್ದ ಮಾಹಿತಿಯನ್ನು ಥಟ್ಟನೆ ಗ್ರಹಿಸಿ ಉತ್ತರಿಸುವ ವೇಗ ಹದಿನೆಂಟು, ಹತ್ತೊಂಬತ್ತರ ಸುಮಾರಿಗೇ ತುದಿ ಮುಟ್ಟಿ ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ಎದುರಿಗಿರುವವರ ಕಣ್ಣುಗಳನ್ನು ನೋಡಿ ಮನಸ್ಸಿನ ಭಾವವನ್ನು ಗುರುತಿಸುವ ಶಕ್ತಿ ನಲವತ್ತು, ಐವತ್ತರ ದಶಕಗಳಲ್ಲಿ ಅತ್ಯುತ್ತಮವಾಗಿರುತ್ತದೆ. ಪದಸಂಪತ್ತು ಅರವತ್ತನ್ನು ದಾಟಿ ಎಪ್ಪತ್ತರ ಹತ್ತಿರದವರೆಗೂ ಬೆಳೆಯುತ್ತಲೇ ಹೋಗುತ್ತದೆ. ಎಲ್ಲವೂ ಒಟ್ಟಿಗೆ ಶಿಖರದಲ್ಲಿರುವ ವಯಸ್ಸು ಎಂಬುದೇ ಮನುಷ್ಯನಿಗೆ ಇಲ್ಲ. ಇಪ್ಪತ್ತರ ಹುಡುಗನಿಗೆ ವೇಗವಿದೆ. ಆದರೆ ಹೊಸದಾಗಿ ಕೇಳಿದ್ದನ್ನು ತಂದು ಜೋಡಿಸಲು ಅರವತ್ತರ ಹೆಂಗಸಿಗೆ ಇರುವಷ್ಟು ಹಳೆಯ ಅನುಭವ ಅವನಲ್ಲಿಲ್ಲ.

ಹಾಗೆಂದು ವಯಸ್ಸಿನಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸಲು ನಾನು ಬಂದಿಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಸರಾಸರಿ ಅರವತ್ತು ವಯಸ್ಸಿನವರಿಗೆ ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳ ಕಾಲ ಕಲಿಸಿ, ಆ ಮೊದಲು ಮತ್ತು ನಂತರ ಅವರ ಮಿದುಳಿನ ಚಿತ್ರ ತೆಗೆದರು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಮೂರನ್ನು ನಾನು ಒಟ್ಟಿಗೇ ಹೇಳಬೇಕು, ಏಕೆಂದರೆ ಸಾಮಾನ್ಯವಾಗಿ ಒಂದನ್ನು ಮಾತ್ರ ಹೇಳಿ ಬಿಡುತ್ತಾರೆ. ಚಲನೆಯನ್ನು ಗ್ರಹಿಸುವ ಭಾಗದಲ್ಲಿ, ನರಕೋಶಗಳಿಂದ ತುಂಬಿದ ಬೂದು ದ್ರವ್ಯ ಹೆಚ್ಚಿತ್ತು. ಅಂದರೆ ಅರವತ್ತರಲ್ಲೂ ಮಿದುಳು ಕಲಿಕೆಗೆ ಮೈಯಲ್ಲೇ ಉತ್ತರ ಕೊಡುತ್ತದೆ. ಆದರೆ ಇದೇ ಆಟವನ್ನು ಕಲಿತ ಯುವಕರೆಲ್ಲರೂ ಒಂದು ನಿಮಿಷ ಚೆಂಡು ಬೀಳದಂತೆ ಆಡಬಲ್ಲವರಾಗಿದ್ದಾಗ, ಹಿರಿಯರಲ್ಲಿ ಆ ಮಟ್ಟ ಮುಟ್ಟಿದವರು ಕಾಲುಭಾಗಕ್ಕಿಂತ ಕಡಿಮೆ. ಮತ್ತು ಅಭ್ಯಾಸ ನಿಲ್ಲಿಸಿದ ಮೂರು ತಿಂಗಳಲ್ಲಿ ಆ ಹೆಚ್ಚಳ ಬಹುಮಟ್ಟಿಗೆ ಇಳಿದಿತ್ತು. ಹಿರಿಯರು ಕಲಿಯಬಲ್ಲರು, ನಿಧಾನವಾಗಿ ಕಲಿಯುತ್ತಾರೆ, ಬಿಟ್ಟರೆ ಕಳೆದುಕೊಳ್ಳುತ್ತಾರೆ. ಈ ಮೂರೂ ಸತ್ಯ. ಕಡೆಯದು ಹದಿಹರೆಯದವರಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದನ್ನು, ಹತ್ತನೆಯ ತರಗತಿಯ ಗಣಿತದಲ್ಲಿ ನಿಮಗೆ ಇಂದು ಎಷ್ಟು ನೆನಪಿದೆ ಎಂದು ಕೇಳಿಕೊಂಡರೆ ನೀವೇ ಒಪ್ಪುತ್ತೀರಿ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದಲ್ಲಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ಅರವತ್ತರಿಂದ ತೊಂಬತ್ತರವರೆಗಿನ ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಡಿಜಿಟಲ್ ಛಾಯಾಗ್ರಹಣವನ್ನು, ಕೆಲವರಿಗೆ ಕೌದಿ ಹೊಲಿಯುವುದನ್ನು, ಕೆಲವರಿಗೆ ಎರಡನ್ನೂ, ವಾರಕ್ಕೆ ಸುಮಾರು ಹದಿನೈದು ಗಂಟೆಗಳಂತೆ ಮೂರು ತಿಂಗಳು ಕಲಿಸಿದರು. ಉಳಿದ ಗುಂಪುಗಳಲ್ಲಿ ಒಂದು ಸೇರಿ ಹರಟೆ ಹೊಡೆಯಿತು, ಪ್ರವಾಸ ಹೋಯಿತು, ಆಟವಾಡಿತು. ಮತ್ತೊಂದು ಮನೆಯಲ್ಲೇ ಕುಳಿತು ತನಗೆ ಮೊದಲೇ ಬರುವ ಪದಬಂಧ, ಸಂಗೀತ ಕೇಳುವಿಕೆಯಂಥ ಹಗುರ ಕೆಲಸಗಳಲ್ಲಿ ತೊಡಗಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆನಪಿನ ಶಕ್ತಿ ಗಮನಾರ್ಹವಾಗಿ ಸುಧಾರಿಸಿದ್ದು ಹೊಸದನ್ನು ಕಷ್ಟಪಟ್ಟು ಕಲಿತವರಲ್ಲಿ, ಅದರಲ್ಲೂ ಛಾಯಾಗ್ರಹಣ ಕಲಿತವರಲ್ಲಿ. ಹರಟೆ ಒಳ್ಳೆಯದೇ, ಪದಬಂಧವೂ ಒಳ್ಳೆಯದೇ. ಆದರೆ ಮಿದುಳನ್ನು ಎಬ್ಬಿಸಲು ಬರುವುದನ್ನೇ ಮತ್ತೆ ಮತ್ತೆ ಮಾಡುವುದು ಸಾಲದು, ಬಾರದಿರುವುದರ ಮುಂದೆ ಕುಳಿತುಕೊಳ್ಳಬೇಕು. ‘ಮಿದುಳಿನ ವ್ಯಾಯಾಮ’ ಎಂದು ಫೋನಿನಲ್ಲಿ ಮಾರುವ ಆಟಗಳಿಗೆ ಹಣ ಕೊಡುವ ಮೊದಲು ಈ ಮಾತನ್ನು ನೆನಪಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ನೆರೆಯ ಕೇರಳದ ಕಾರ್ತ್ಯಾಯನಿ ಅಮ್ಮನ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆಲಪ್ಪುಳ ಜಿಲ್ಲೆಯ ಚೇಪ್ಪಾಡಿನವರು, ದೇವಸ್ಥಾನಗಳನ್ನು ಗುಡಿಸಿ ತೊಳೆದು ಬದುಕಿದವರು. 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಆ ರಾಜ್ಯದ ಸಾಕ್ಷರತಾ ಮಿಷನ್ನಿನ ‘ಅಕ್ಷರಲಕ್ಷಂ’ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದು ಮೊದಲಿಗರಾದರು. ಪತ್ರಿಕೆಗಳು ಆ 98ನ್ನೇ ದೊಡ್ಡದಾಗಿ ಬರೆದವು. ನನ್ನ ಗಮನ ಹೋದದ್ದು ಅಂಕಗಳ ಹಂಚಿಕೆಯ ಕಡೆಗೆ. ಓದುವುದರಲ್ಲಿ 30ಕ್ಕೆ 30, ಲೆಕ್ಕದಲ್ಲಿ 30ಕ್ಕೆ 30, ಬರೆಯುವುದರಲ್ಲಿ 40ಕ್ಕೆ 38. ಬುದ್ಧಿಯ ಕೆಲಸವೆಂದು ನಾವು ಕರೆಯುವ ಎರಡು ಭಾಗಗಳಲ್ಲಿ ಒಂದೇ ಒಂದು ಅಂಕವೂ ಹೋಗಿಲ್ಲ. ಹೋದ ಎರಡೂ ಅಂಕಗಳು ಕೈಯಿಂದ ಬರೆಯುವ ಭಾಗದವು. ಇದರಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು, ಅದು ಒಬ್ಬ ವ್ಯಕ್ತಿಯ ಒಂದು ಪರೀಕ್ಷೆ. ಆದರೂ ಮುಂದಿನ ಬಾರಿ ‘ತಲೆಗೆ ಹತ್ತುವುದಿಲ್ಲ’ ಎನ್ನುವವರು ಈ ಮೂರು ಸಂಖ್ಯೆಗಳಿಗೆ ಉತ್ತರ ಕೊಟ್ಟು ಮುಂದೆ ಹೋಗಬೇಕಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಅವರು ಕಂಪ್ಯೂಟರ್ ಕಲಿಯಬೇಕೆಂದರು. ಆಗಿನ ಶಿಕ್ಷಣ ಸಚಿವರು ಅವರಿಗೆ ಲ್ಯಾಪ್‌ಟಾಪ್ ಕೊಟ್ಟರು. 2020ರಲ್ಲಿ ರಾಷ್ಟ್ರಪತಿಗಳಿಂದ ನಾರೀ ಶಕ್ತಿ ಪುರಸ್ಕಾರ ಪಡೆದ ಅವರು 2023ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಇನ್ನು ಎರಡನೆಯ ಭಯಕ್ಕೆ ಬರುತ್ತೇನೆ. ನಮ್ಮ ಸಮಾಜದಲ್ಲಿ ವಯಸ್ಸು ಎಂದರೆ ಅಧಿಕಾರ. ಹಿರಿಯರು ಹೇಳುವವರು, ಕಿರಿಯರು ಕೇಳುವವರು. ಮನೆಯ ಜಗಲಿಯಿಂದ ಪಂಚಾಯಿತಿ ಕಟ್ಟೆಯವರೆಗೆ ಈ ಏರ್ಪಾಡು ನಡೆದುಬಂದಿದೆ. ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಲಿಯುವವನು ಯಾವ ವಯಸ್ಸಿನವನಾದರೂ ಸ್ವಲ್ಪ ಹೊತ್ತು ಕೆಳಗೆ ಕೂರಬೇಕಾಗುತ್ತದೆ, ತಪ್ಪು ಹೇಳಬೇಕಾಗುತ್ತದೆ, ತಿದ್ದಿಸಿಕೊಳ್ಳಬೇಕಾಗುತ್ತದೆ. ಕಲಿಸುವವರು ಬಹುಮಟ್ಟಿಗೆ ತನಗಿಂತ ಚಿಕ್ಕವರೇ ಆಗಿರುತ್ತಾರೆ. ನಲವತ್ತು ವರ್ಷ ಕಚೇರಿಯಲ್ಲಿ ಸಹಿ ಹಾಕಿದವರು, ಊರಿನ ನ್ಯಾಯ ತೀರಿಸಿದವರು, ಹತ್ತು ಜನರ ಸಂಸಾರ ಸಂಭಾಳಿಸಿದ ತಾಯಂದಿರು, ಇಪ್ಪತ್ತೆರಡರ ಹುಡುಗಿಯೊಬ್ಬಳ ಮುಂದೆ ಕುಳಿತು ‘ಇದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಮ್ಮ’ ಎನ್ನುವುದು ಸುಲಭವಲ್ಲ. ಹೀಗಾಗಿ ಅವರು ನೆನಪಿನ ಶಕ್ತಿಯ ಮೇಲೆ ಹೊರೆ ಹಾಕಿ ಮರ್ಯಾದೆಯನ್ನು ಉಳಿಸಿಕೊಳ್ಳುತ್ತಾರೆ.

ಈ ಭಯವನ್ನು ದಾಟಿದ ಇಬ್ಬರನ್ನು ನಿಮ್ಮ ಮುಂದಿಡುತ್ತೇನೆ. ಇಬ್ಬರ ನೆಲೆಗಳಿಗೂ ಅಜಗಜಾಂತರ.

ಕಿಮಾನಿ ಮರುಗೆ ಎಂಬವರು ಕೀನ್ಯಾ ದೇಶದವರು, ಬ್ರಿಟಿಷರ ವಿರುದ್ಧದ ಮೌ ಮೌ ದಂಗೆಯಲ್ಲಿ ಹೋರಾಡಿದವರು. 2003ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿತು. ಆದೇಶ ಮಕ್ಕಳಿಗಾಗಿ ಹೊರಟದ್ದು. ಆದರೆ ಮರುಗೆ 2004ರ ಜನವರಿಯಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಎಲ್ಡೊರೆಟ್ ಪಟ್ಟಣದ ಬಳಿಯ ಸರ್ಕಾರಿ ಶಾಲೆಗೆ ಹೋಗಿ ಒಂದನೆಯ ತರಗತಿಗೆ ಸೇರಿದರು. ಸಮವಸ್ತ್ರದ ಚಡ್ಡಿ, ಮೊಣಕಾಲವರೆಗಿನ ಕಾಲುಚೀಲ ತೊಟ್ಟು ಆರು ವರ್ಷದ ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತರು. ಅವರ ಮೊಮ್ಮಕ್ಕಳಲ್ಲಿ ಇಬ್ಬರು ಅದೇ ಶಾಲೆಯಲ್ಲಿದ್ದರು. ಏಕೆ ಬಂದಿರಿ ಎಂದು ಕೇಳಿದವರಿಗೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ತಾವೇ ಬೈಬಲ್ ಓದಬೇಕೆಂಬುದು. ಚರ್ಚಿನಲ್ಲಿ ಬೋಧಿಸುವವರು ಗ್ರಂಥದಲ್ಲಿರುವುದನ್ನೇ ಹೇಳುತ್ತಿದ್ದಾರೆಯೇ ಎಂಬ ಅನುಮಾನ ಅವರಿಗಿತ್ತು. ಈ ಕಾರಣವನ್ನು ದಯವಿಟ್ಟು ಗಮನಿಸಿ. ಪದವಿಗಾಗಿ ಅಲ್ಲ, ಹೊತ್ತು ಕಳೆಯಲು ಅಲ್ಲ, ಇನ್ನೊಬ್ಬರ ಬಾಯಿಂದ ಕೇಳಿ ನಂಬಬೇಕಾದ ಸ್ಥಿತಿಯಿಂದ ಬಿಡಿಸಿಕೊಳ್ಳಲು ಅವರು ಅಕ್ಷರ ಕಲಿತರು. 2005ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ನಾಯಕರ ಸಭೆಯ ಸಂದರ್ಭದಲ್ಲಿ ಉಚಿತ ಶಿಕ್ಷಣದ ಪರವಾಗಿ ಮಾತನಾಡಿದರು. 2009ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಗಾಂಧೀಜಿ. 1946ರ ಕೊನೆಯಲ್ಲಿ ಬಂಗಾಳದ ನೌಖಾಲಿಯಲ್ಲಿ ಕೋಮುಹಿಂಸೆ ನಡೆದಾಗ ಅವರು ಅಲ್ಲಿಗೆ ಹೋಗಿ, ಮುಂದಿನ ವರ್ಷದ ಆರಂಭದಲ್ಲಿ ಬರಿಗಾಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು. ಆಗ ಅವರ ವಯಸ್ಸು 77. ದೇಶ ವಿಭಜನೆಯ ಅಂಚಿನಲ್ಲಿತ್ತು, ದೆಹಲಿಯಿಂದ ದಿನವೂ ಪತ್ರಗಳು ಬರುತ್ತಿದ್ದವು, ಸುತ್ತ ಕೊಲೆಯಾದವರ ಮನೆಗಳಿದ್ದವು. ಅಂಥ ದಿನಗಳಲ್ಲಿ ಅವರು ಬಂಗಾಳಿ ಕಲಿಯಲು ಹೊತ್ತು ಮೀಸಲಿಟ್ಟರು. ಜೊತೆಗಿದ್ದ ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ ಅವರಿಗೆ ದುಭಾಷಿಯೂ ಹೌದು, ಬಂಗಾಳಿಯ ಮೇಷ್ಟ್ರೂ ಹೌದು. ಬೋಸರು ಅವರಿಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಮಕ್ಕಳು ಕಾಪಿ ಬರೆಯುವಂತೆ ಗಾಂಧೀಜಿ ಅಕ್ಷರಗಳನ್ನು ತಿದ್ದಿದರು. ನೌಖಾಲಿ ಬಿಟ್ಟ ಮೇಲೂ ಈ ಅಭ್ಯಾಸ ನಿಲ್ಲಲಿಲ್ಲ; 1948ರ ಜನವರಿ 30ರ ಬೆಳಿಗ್ಗೆಯೂ ಅವರು ಬಂಗಾಳಿ ಬರವಣಿಗೆಯ ಪಾಠ ಮಾಡಿದ್ದರೆಂದು ಜೊತೆಗಿದ್ದವರು ದಾಖಲಿಸಿದ್ದಾರೆ. ಅವರಿಗೆ ದುಭಾಷಿಗಳ ಕೊರತೆಯಿರಲಿಲ್ಲ. ಗಾಯಗೊಂಡವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಬೇಕು, ಅವರೊಡನೆ ನಾಲ್ಕು ಮಾತನ್ನಾದರೂ ಅವರದೇ ನುಡಿಯಲ್ಲಿ ಆಡಬೇಕು ಎಂಬ ಹಂಬಲ ಅದರ ಹಿಂದಿತ್ತು ಎಂದು ನಾನು ಭಾವಿಸುತ್ತೇನೆ. ಇಡೀ ದೇಶ ಯಾರ ಮಾತಿಗೆ ಕಾಯುತ್ತಿತ್ತೋ ಅವರು ಸ್ಲೇಟು ಹಿಡಿಯುವವರ ಸ್ಥಾನದಲ್ಲಿ ಕೂರಲು ಹಿಂಜರಿಯಲಿಲ್ಲ ಎಂದ ಮೇಲೆ ನಮ್ಮ ಹಿಂಜರಿಕೆಗೆ ಎಷ್ಟು ಬೆಲೆ ಕೊಡಬೇಕೆಂದು ಯೋಚಿಸಬೇಕು.

ಇಲ್ಲಿ ಕಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಸಭೆಯಲ್ಲಿ ನೀವು ಕೆಲವರಾದರೂ ಇದ್ದೀರಿ. ಮನೆಯಲ್ಲಿ ಅಜ್ಜಿ ಫೋನ್ ಹಿಡಿದುಕೊಂಡು ಬಂದು ‘ಇದರಲ್ಲಿ ಹಣ ಕಳಿಸುವುದು ಹೇಗೆ’ ಎಂದು ಕೇಳಿದರೆ ನಾವು ಏನು ಮಾಡುತ್ತೇವೆ? ಫೋನನ್ನು ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿನಿಂದ ಸರಸರನೆ ನಾಲ್ಕು ಬಾರಿ ಒತ್ತಿ, ‘ಆಯಿತು, ತಗೋ’ ಎಂದು ಹಿಂದಿರುಗಿಸುತ್ತೇವೆ. ಅಜ್ಜಿ ಕೇಳಿದ್ದು ಹೇಗೆ ಎಂದು. ನಾವು ಕೊಟ್ಟದ್ದು ಮಾಡಿ ಮುಗಿಸಿದ ಕೆಲಸವನ್ನು. ಇದು ಪ್ರೀತಿಯಿಂದಲೇ ನಡೆಯುತ್ತದೆ, ಆದರೆ ಇದರಿಂದ ಅಜ್ಜಿಗೆ ತಲುಪುವ ಸಂದೇಶ ನಿನ್ನಿಂದ ಇದಾಗದು ಎಂಬುದು. ಎರಡು ಬಾರಿ ಹೀಗಾದರೆ ಮೂರನೆಯ ಬಾರಿ ಆಕೆ ಕೇಳುವುದಿಲ್ಲ, ನೇರವಾಗಿ ಫೋನನ್ನು ನಿಮ್ಮ ಕೈಗಿಡುತ್ತಾಳೆ. ಇದರ ಮುಂದಿನ ಹಂತದಲ್ಲಿ, ಗುಟ್ಟಿನ ಸಂಖ್ಯೆಯನ್ನು ಕೇಳಿ ಕರೆ ಮಾಡುವ ಅಪರಿಚಿತನ ಕೈಗೂ ಅಷ್ಟೇ ಸಲೀಸಾಗಿ ಒಪ್ಪಿಸುತ್ತಾಳೆ. ಹಿರಿಯರಿಗೆ ಕಲಿಸುವಾಗ ಫೋನು ಅವರ ಕೈಯಲ್ಲೇ ಇರಬೇಕು, ಬೆರಳು ಅವರದೇ ಆಗಿರಬೇಕು, ತಪ್ಪು ಕಡೆ ಒತ್ತಿದರೂ ನಿಮ್ಮ ಬಾಯಿಂದ ನಿಟ್ಟುಸಿರು ಬರಬಾರದು. ಆ ನಿಟ್ಟುಸಿರಿಗೇ ಅವರು ಹೆಚ್ಚು ಹೆದರುವುದು.

ಈಗ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಜೀವನವಿಡೀ ಕಲಿಯುವುದು ಎಂದರೆ ನಿವೃತ್ತಿ ವೇತನ ಬರುವವರ ಬಿಡುವಿನ ಹವ್ಯಾಸ ಎಂಬ ಭಾವನೆ ಬೆಳೆಯುತ್ತಿದೆ. ವೀಣೆ, ಚಿತ್ರಕಲೆ, ಸಂಸ್ಕೃತ ಸಂಭಾಷಣೆ, ಇವೆಲ್ಲವೂ ಸೊಗಸಾದ ಸಂಗತಿಗಳೇ. ಆದರೆ 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75ರಷ್ಟು, ಹೆಂಗಸರಲ್ಲಿ ಶೇ. 68. ದಕ್ಷಿಣ ಕನ್ನಡದಲ್ಲಿ ಶೇ. 88ನ್ನು ದಾಟಿದ್ದ ಪ್ರಮಾಣ ಯಾದಗಿರಿಯಲ್ಲಿ ಶೇ. 52ನ್ನೂ ಮುಟ್ಟಿರಲಿಲ್ಲ. ಆ ಜನಗಣತಿಯಲ್ಲಿ ಅಕ್ಷರ ಬಾರದವರೆಂದು ಲೆಕ್ಕಕ್ಕೆ ಬಂದವರಲ್ಲಿ ನಡುವಯಸ್ಸಿನವರು, ಹಿರಿಯರು ಬಹಳ ಮಂದಿ. ಅವರು ಪ್ರತಿದಿನ ಬಸ್ಸಿನ ಫಲಕ, ಔಷಧದ ಚೀಟಿ, ಸಂಘದ ಸಾಲದ ಪುಸ್ತಕ, ಪಹಣಿ, ಇವುಗಳೆದುರು ಇನ್ನೊಬ್ಬರ ಕಣ್ಣನ್ನು ಎರವಲು ಪಡೆದು ಬದುಕುತ್ತಿದ್ದಾರೆ. ಯಾವ ವಯಸ್ಸಿನಲ್ಲೂ ಕಲಿಯಬಹುದು ಎಂಬ ಮಾತು ಮೊದಲು ಸಲ್ಲಬೇಕಾದದ್ದು ಇವರಿಗೆ.

ಅಕ್ಷರ ಕಲಿತ ದೊಡ್ಡವರು ಏನು ಮಾಡಬಲ್ಲರು ಎಂಬುದಕ್ಕೆ ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಬೇಕು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ದೇಶದ ಹಲವು ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆಯಿತು. ನೆಲ್ಲೂರಿನಲ್ಲಿ ರಾತ್ರಿ ತರಗತಿಗಳಿಗೆ ಬಂದ ಕೂಲಿ ಹೆಂಗಸರ ಪಾಠಪುಸ್ತಕದಲ್ಲಿ, ಸಾರಾಯಿಯಿಂದ ಹಾಳಾದ ಸಂಸಾರವೊಂದರ ಮತ್ತು ಒಗ್ಗಟ್ಟಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಹೆಂಗಸರ ಕಥೆಗಳಿದ್ದವು. ದುಬಗುಂಟ ಎಂಬ ಹಳ್ಳಿಯ ಹೆಂಗಸರು ಅಂಥ ಕಥೆಯನ್ನು ಅಕ್ಷರ ಅಭ್ಯಾಸಕ್ಕೆಂದು ಓದಿ ಅಲ್ಲಿಗೇ ಬಿಡಲಿಲ್ಲ. ಪುಸ್ತಕದ ಹೆಂಗಸರು ಮಾಡಿದ್ದನ್ನು ನಾವೇಕೆ ಮಾಡಬಾರದು ಎಂದು ಎದ್ದು ತಮ್ಮೂರಿನ ಅಂಗಡಿಯನ್ನು ಮುಚ್ಚಿಸಿದರು. 1992ರ ಹೊತ್ತಿಗೆ ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, 1993ರಲ್ಲಿ ಆಂಧ್ರಪ್ರದೇಶ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಮಗು ಓದಿದ್ದನ್ನು ಬಳಸಲು ದೊಡ್ಡದಾಗುವವರೆಗೆ ಕಾಯಬೇಕು. ದೊಡ್ಡವರಿಗೆ ಆ ಕಾಯುವಿಕೆ ಇಲ್ಲ, ಓದಿದ್ದು ಅದೇ ವಾರ ಬದುಕಿನೊಳಕ್ಕೆ ಬರಬಹುದು. ವಯಸ್ಕರ ಕಲಿಕೆಯ ಅತಿ ದೊಡ್ಡ ಅನುಕೂಲ ಇದೇ ಎಂದು ನನಗನ್ನಿಸುತ್ತದೆ, ಮತ್ತು ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಹೇಗೆ ಕಲಿಯಬೇಕು? ಇದಕ್ಕೆ ಉದ್ದನೆಯ ಸೂತ್ರಗಳ ಅಗತ್ಯವಿಲ್ಲ. ಆದರೆ ದೊಡ್ಡವರು ಓದಲು ಕುಳಿತಾಗ ಮಾಡುವ ಒಂದು ಕೆಲಸ ಅವರ ಶ್ರಮವನ್ನೆಲ್ಲ ಸೋರಿಹೋಗುವಂತೆ ಮಾಡುತ್ತದೆ: ಅದೇ ಪುಟವನ್ನು ಮತ್ತೆ ಮತ್ತೆ ಓದುವುದು. ಮೂರನೆಯ ಬಾರಿ ಓದುವಾಗ ಎಲ್ಲವೂ ಪರಿಚಿತವಾಗಿ ಕಾಣುತ್ತದೆ, ಬಂತು ಎಂದು ಅನ್ನಿಸುತ್ತದೆ. ಪುಸ್ತಕ ಮುಚ್ಚಿದ ಮೇಲೆ ಏನೂ ಉಳಿದಿರುವುದಿಲ್ಲ, ಆಗ ದೋಷವನ್ನು ವಯಸ್ಸಿನ ಮೇಲೆ ಹೊರಿಸುತ್ತೇವೆ. ಇದೇ ಗತಿ ಇಪ್ಪತ್ತರ ಹರೆಯದವರದೂ ಹೌದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ನಾಲ್ಕು ಸುತ್ತು ಓದಿದವರು ವಾರದ ನಂತರ ಸುಮಾರು ಶೇ. 40ರಷ್ಟನ್ನು ನೆನಪಿಸಿಕೊಂಡರು, ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ಪುಸ್ತಕ ನೋಡದೆ ನೆನಪಿನಿಂದ ಬರೆದವರು ಸುಮಾರು ಶೇ. 61ರಷ್ಟನ್ನು ನೆನಪಿಸಿಕೊಂಡರು. ಓದಿದ ಹೊತ್ತು ಕಡಿಮೆ, ಉಳಿದದ್ದು ಹೆಚ್ಚು. ಆದ್ದರಿಂದ ಪುಸ್ತಕ ಮುಚ್ಚಿಟ್ಟು ಓದಿದ್ದನ್ನು ಮಡದಿಗೋ ಗಂಡನಿಗೋ ಹೇಳಿ, ಕೇಳುವವರು ಇಲ್ಲದಿದ್ದರೆ ಒಂದು ಹಾಳೆಯ ಮೇಲೆ ಬರೆಯಿರಿ; ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಹದಿನೈದು ದಿನ ಬಿಟ್ಟು ಒಮ್ಮೆ ಮತ್ತೆ ಪ್ರಯತ್ನಿಸಿ. ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಹಂಚಿ ಕೂರುವುದು ಲೇಸು ಎಂಬುದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದ ಕಾಲದಿಂದ ಮತ್ತೆ ಮತ್ತೆ ದೃಢಪಟ್ಟಿರುವ ಸಂಗತಿ. ನಮ್ಮ ಮಗ್ಗಿ, ಕಂಠಪಾಠ, ವೇದಪಾಠದ ಸಂಪ್ರದಾಯಗಳಲ್ಲಿ ಈ ತಿಳಿವಳಿಕೆ ಮೊದಲೇ ಇತ್ತು, ಅರ್ಥ ತಿಳಿಯದೆ ಉರು ಹೊಡೆಯುವ ದೋಷವೂ ಅದರ ಜೊತೆಗೇ ಇತ್ತು.

ವಿಧಾನಕ್ಕಿಂತ ದೊಡ್ಡದು ಕಲಿಕೆಗೆ ಒಂದು ಜವಾಬ್ದಾರಿಯ ನೊಗ ಇರುವುದು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ಬದುಕಿನಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. 1913ರಲ್ಲಿ ಹುಟ್ಟಿದ ಅವರು ಅರವತ್ತರ ವಯಸ್ಸಿನಲ್ಲಿ ಕಾಲೇಜಿನ ಕೆಲಸದಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕತ್ವದ ಭಾರ ಆಮೇಲೂ ಅವರ ಹೆಗಲ ಮೇಲಿತ್ತು. ಅದರ ಕೊನೆಯ ಸಂಪುಟ ಹೊರಬರುವಾಗ ಅವರು ಎಂಬತ್ತು ದಾಟಿದ್ದರು. 1991ರಲ್ಲಿ, ಎಂಬತ್ತಕ್ಕೆ ಎರಡು ಮೂರು ವರ್ಷ ಇರುವಾಗ, ‘ಪ್ರಜಾವಾಣಿ’ಯಲ್ಲಿ ಓದುಗರ ಭಾಷಾ ಸಂದೇಹಗಳಿಗೆ ಉತ್ತರಿಸುವ ಅಂಕಣ ಆರಂಭಿಸಿದರು, ಅದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಾಮಾನ್ಯವಾಗಿ ಇದನ್ನು ಅವರು ಕನ್ನಡಿಗರಿಗೆ ಕಲಿಸಿದ ಕಾಲ ಎನ್ನುತ್ತೇವೆ. ಅದು ಅವರು ಕಲಿತ ಕಾಲವೂ ಹೌದು. ಯಾವುದೋ ಊರಿನ ಓದುಗ ತನ್ನ ಸೀಮೆಯ ಒಂದು ಮಾತನ್ನು ಬರೆದು ಇದರ ಮೂಲವೇನು ಎಂದು ಕೇಳಿದಾಗ, ನಿಘಂಟುಕಾರ ಮತ್ತೆ ಶಾಸನ ತೆಗೆಯಬೇಕು, ಹಳಗನ್ನಡ ಕಾವ್ಯ ತೆಗೆಯಬೇಕು, ಸೋದರ ಭಾಷೆಗಳನ್ನು ಹೋಲಿಸಬೇಕು, ಮತ್ತು ವಾರದ ಗಡುವಿನೊಳಗೆ ಸಾಮಾನ್ಯ ಓದುಗನಿಗೆ ತಿಳಿಯುವಂತೆ ಬರೆಯಬೇಕು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಅವರಿಗೆ 97. 2021ರಲ್ಲಿ ತೀರಿಕೊಂಡಾಗ 107. ಆ ದೀರ್ಘಾಯುಷ್ಯವನ್ನು ನಾವು ಅನುಕರಿಸಲಾರೆವು, ಅದು ನಮ್ಮ ಕೈಯಲ್ಲಿಲ್ಲ. ಯಾರಿಗೋ ಉತ್ತರ ಕೊಡಬೇಕಾದ ಕಟ್ಟುಪಾಡಿಗೆ ನಮ್ಮನ್ನು ನಾವು ಒಪ್ಪಿಸಿಕೊಳ್ಳುವುದನ್ನು ಅನುಕರಿಸಬಹುದು. ವಾರಕ್ಕೊಮ್ಮೆ ಒಬ್ಬ ಮಗುವಿಗೆ ಪಾಠ ಹೇಳುವೆನೆಂದು ಒಪ್ಪಿಕೊಂಡವರು ತಾವೇ ಎಷ್ಟು ಓದಬೇಕಾಗುತ್ತದೆ ಎಂಬುದನ್ನು ಬಲ್ಲರು.

ನಮ್ಮ ಹಿಂದಿನವರು ಹೇಳುತ್ತಿದ್ದ ಒಂದು ಲೆಕ್ಕ ಇಲ್ಲಿ ನೆನಪಾಗುತ್ತದೆ: ವಿದ್ಯೆಯ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲ ಕಳೆದಂತೆ ಬರುತ್ತದೆ ಎಂಬುದು. ಹಿರಿಯರಿಗೆ ಕಾಲದ ಪಾಲು ಆಗಲೇ ಸಂದಿದೆ, ಬುದ್ಧಿಯಿದೆ, ಗುರು ಇಂದು ಪುಸ್ತಕದಲ್ಲಿ, ರೇಡಿಯೊದಲ್ಲಿ, ಫೋನಿನಲ್ಲೂ ಸಿಗುತ್ತಾನೆ. ಸಿಗದೆ ಹೋಗುತ್ತಿರುವುದು ಸಹಪಾಠಿಗಳು. ಮರ್ಯಾದೆಯ ಭಯಕ್ಕೆ ಅವರೇ ಔಷಧ. ತನ್ನಂತೆಯೇ ತಡವರಿಸುವ ಇನ್ನು ಹತ್ತು ಮಂದಿ ಪಕ್ಕದಲ್ಲಿದ್ದರೆ ತಡವರಿಸುವುದು ಅವಮಾನವಾಗುವುದಿಲ್ಲ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಸಂಜೆ ದೇವಸ್ಥಾನದ ಅಂಗಳದಲ್ಲಿ ಒಬ್ಬರು ಭಾರತವನ್ನು ಗಮಕ ರೀತಿಯಲ್ಲಿ ಓದಿ ಮತ್ತೊಬ್ಬರು ಅರ್ಥ ಹೇಳುತ್ತಿದ್ದಾಗ, ಅಕ್ಷರ ಬಾರದವರೂ ವರ್ಷಗಟ್ಟಲೆ ಕೇಳಿ ಪದ್ಯಕ್ಕೆ ಪದ್ಯ ಹೇಳಬಲ್ಲವರಾಗುತ್ತಿದ್ದರು. ಎಲ್ಲ ಜಾತಿಯವರಿಗೂ ಆ ಅಂಗಳ ಸಮಾನವಾಗಿ ತೆರೆದಿರಲಿಲ್ಲ ಎಂಬುದನ್ನು ಮರೆತು ಅದನ್ನು ಹೊಗಳುವುದು ಸರಿಯಲ್ಲ. ಕೂಡಿ ಕಲಿಯುವ ಪ್ರಯತ್ನಗಳು ಬೇರೆ ರೂಪಗಳಲ್ಲೂ ನಡೆದಿವೆ. ಮೆಟ್ರಿಕ್ ದಾಟದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ ಅಲ್ಲಿ ಅಧ್ಯಯನ ಗೋಷ್ಠಿಗಳನ್ನು ನಡೆಸಿದರು. ಸ್ವಾತಂತ್ರ್ಯ ಬಂದ ಸುಮಾರಿಗೆ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠ ತೆರೆದಾಗ ಅದರ ಮುಂದಿದ್ದ ಮಾದರಿ ಡೆನ್ಮಾರ್ಕಿನದು. ಗ್ರುಂಟ್‌ವಿ ಎಂಬ ಪಾದ್ರಿಯ ಚಿಂತನೆಯಿಂದ ಅಲ್ಲಿ 1844ರಲ್ಲಿ ಹುಟ್ಟಿದ ಜನಶಾಲೆಗಳಲ್ಲಿ ರೈತರು ಚಳಿಗಾಲದಲ್ಲಿ ಬಂದು ಒಟ್ಟಿಗೆ ವಾಸಿಸಿ ಇತಿಹಾಸ, ಹಾಡು, ಕೃಷಿ, ನಾಗರಿಕ ವಿಚಾರಗಳನ್ನು ಕಲಿಯುತ್ತಿದ್ದರು, ಪರೀಕ್ಷೆ ಇರಲಿಲ್ಲ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಆರಂಭವಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ಹೋದಾಗ ಅದು ಇನ್ನೊಂದು ರೂಪ ತಾಳಿತು: ಅಲ್ಲಿ ನೇಮಕಗೊಂಡ ಅಧ್ಯಾಪಕರಿಲ್ಲ, ಪದವಿ ಇಲ್ಲ, ನಿವೃತ್ತ ಎಂಜಿನಿಯರ್ ಖಗೋಳ ಹೇಳಿಕೊಟ್ಟರೆ ಅದೇ ಗುಂಪಿನ ದಾದಿ ಅವನಿಗೆ ಸ್ಪ್ಯಾನಿಷ್ ಹೇಳಿಕೊಡುತ್ತಾಳೆ. ನಮ್ಮ ಊರುಗಳಿಗೆ ಹೊಂದುವುದು ಈ ಎರಡನೆಯ ರೂಪ, ಏಕೆಂದರೆ ಇದರಲ್ಲಿ ಯಾರೂ ಎಲ್ಲ ಹೊತ್ತೂ ಶಿಷ್ಯರಾಗಿ ಉಳಿಯುವುದಿಲ್ಲ. ಸೋಮವಾರ ಕೇಳಿದವರು ಗುರುವಾರ ಹೇಳುತ್ತಾರೆ. ನಾನು ಮೊದಲಿನಿಂದ ಹೇಳುತ್ತಿರುವ ಸಂಕೋಚ ಅಲ್ಲಿ ತಾನಾಗಿ ಸಡಿಲವಾಗುತ್ತದೆ.

ಪದವಿ ಬೇಕೆನ್ನುವವರಿಗೆ ದಾರಿಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಮುಗಿಸಬಹುದು, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು, ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಓದಲು ಬರೆಯಲು ಬಾರದ ಹದಿನೈದು ವರ್ಷ ಮೇಲ್ಪಟ್ಟವರಿಗಾಗಿ 2022ರಿಂದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ. ಅದು ಸ್ವಯಂಸೇವಕರನ್ನೇ ನೆಚ್ಚಿಕೊಂಡಿರುವುದರಿಂದ ನಿಮ್ಮಲ್ಲಿ ಕಲಿಸಬಲ್ಲವರು ಹೆಸರು ಕೊಡಬಹುದು.

ಪದವಿ ಬೇಡದವರಿಗೆ, ಮತ್ತು ಅವರೇ ಹೆಚ್ಚು ಮಂದಿ, ಬೇಕಾಗಿರುವುದು ಒಂದು ಜಾಗ ಮತ್ತು ಒಂದು ನಿಶ್ಚಿತ ಹೊತ್ತು. ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ, ಅನೇಕ ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ಶಾಲಾ ಮಕ್ಕಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರು ಅಲ್ಲಿಗೆ ಬರುತ್ತಿರುವುದು ಸಂತೋಷದ ವಿಷಯ. ನನ್ನ ಕೋರಿಕೆ, ವಾರದಲ್ಲಿ ಎರಡು ಸಂಜೆ ಅಲ್ಲಿ ಒಂದು ಗಂಟೆಯನ್ನು ದೊಡ್ಡವರಿಗಾಗಿಯೇ ಇಡಬೇಕು ಎಂಬುದು. ಆ ಗಂಟೆಯಲ್ಲಿ ಮಕ್ಕಳು ಕಲಿಸುವವರಾಗಿ ಬರಬಹುದು, ನೋಡುವವರಾಗಿ ಬರಬಾರದು. ಹೊಲ, ಹಟ್ಟಿ, ಅಡುಗೆ ಮುಗಿಸಿ ಬರುವ ಹೆಂಗಸರಿಗೆ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು. ದೊಡ್ಡ ಅಕ್ಷರದ ಪುಸ್ತಕಗಳಿರಬೇಕು, ಬೆಳಕು ಚೆನ್ನಾಗಿರಬೇಕು, ಓದುವ ಕನ್ನಡಕದ ನಾಲ್ಕು ಜೊತೆ ಮೇಜಿನ ಮೇಲಿರಬೇಕು. ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು ಎದ್ದು ಹೋದ ಹಲವರಿಗೆ ಅದು ಕಣ್ಣಿಗೇ ಕಂಡಿರುವುದಿಲ್ಲ. ಇದಕ್ಕೆ ಹೊಸ ಯೋಜನೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ, ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ಮುಂದಿನ ಗ್ರಾಮಸಭೆಗೆ ನಿಮ್ಮಲ್ಲಿ ಯಾರು ಹೋಗುತ್ತೀರೋ ಅವರು ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುವಂತೆ ನೋಡಿಕೊಂಡು ಬನ್ನಿ.